ಸಾಹೇಬರ ಕಾಫಿ ಮಶೀನೂ ನನ್ನ ಹೆಂಡತಿಯ ಕೊಡವೂ

ಬಾಯ್ಲರ್ ಫಿಟ್ಟರ್ ಆಗಿ ಆಯುಷ್ಯ ಕಳೆದವನನ್ನು ಜನ ಕೇಳುವುದು ಒಂದೇ ಪ್ರಶ್ನೆ: ಉಗಿಯಿಂದ ಎಲ್ಲಾದರೂ ಮೈ ಸುಟ್ಟುಕೊಂಡಿದ್ದೀರಾ? ಮನೆಯಷ್ಟು ದೊಡ್ಡ ಬಾಯ್ಲರ್ ನನಗೆ ಏನೂ ಮಾಡಲಿಲ್ಲ. ನನ್ನನ್ನು ಸುಟ್ಟದ್ದು ನೀರಿನ ಕೊಡಕ್ಕಿಂತ ತುಸು ಎತ್ತರದ ಒಂದು ಕಾಫಿ ಮಶೀನು. ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಅವರು ನಗುವ ಕಡೆ ಮಾತ್ರ ನನಗೆ ನಗು ಬರುವುದಿಲ್ಲ.

೧. ತಿರುಪು

ಶಹಾಬಾದಿನ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯ ಪವರ್ ಹೌಸಿನಲ್ಲಿ ನನ್ನ ಕೆಲಸ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದ ಹೊಸತು. ರಾಜ್ಯದ ಹೆಸರು ಬದಲಾಯಿತು, ನಾನಿದ್ದ ಬಾಡಿಗೆ ಖೋಲಿ ಬದಲಾಗಲಿಲ್ಲ. ತಗಡಿನ ಮಾಡಿನ ಖೋಲಿ. ಬಾವಿ ಇದ್ದದ್ದು ರೈಲು ಹಳಿಯ ಆಚೆ. ನಡುವೆ ಸಿಗ್ನಲ್ ಸಿಗದ ಗೂಡ್ಸ್ ಗಾಡಿಗಳು ತಾಸುಗಟ್ಟಲೆ ನಿಂತಿರುತ್ತಿದ್ದವು. ನಮ್ಮ ಓಣಿಯ ಹೆಂಗಸರು ಕೊಡ ಹಿಡಿದು ವ್ಯಾಗನ್ನುಗಳ ಕೆಳಗೆ ನುಸುಳಿ ಹೋಗುತ್ತಿದ್ದರು, ನುಸುಳಿ ಬರುತ್ತಿದ್ದರು. ನನ್ನ ಹೆಂಡತಿಯೂ ಅವರಲ್ಲೊಬ್ಬಳು. ಕಂಪನಿಯ ಕ್ವಾರ್ಟರುಗಳು ಹಳಿಯ ಈಚೆ, ನಮ್ಮ ಕಡೆಗೇ ಇದ್ದವು. ಒಂದೊಂದರ ಗೋಡೆ ಕಟ್ಟಿದ ಅಂಗಳದಲ್ಲೂ ಒಂದೊಂದು ನಲ್ಲಿ. ನನಗೆ ಕ್ವಾರ್ಟರ್ ಬೇಕಾಗಿದ್ದದ್ದು ಆ ನಲ್ಲಿಗಾಗಿ. ಗೋಡೆ, ಮಾಡು ಇಲ್ಲದಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಆಗ ಫ್ಯಾಕ್ಟರಿಗೆ ಹೊಸ ಭಟ್ಟಿ ಕೂಡಿಸಲು ಬಂದಿದ್ದ ಪರದೇಶಿ ಇಂಜಿನಿಯರು ತನ್ನ ದೇಶಕ್ಕೆ ಹೋಗುವಾಗ ಮನೆಯ ಕಾಫಿ ಮಶೀನನ್ನು ನಮ್ಮ ಮ್ಯಾನೇಜರ್ ಸಾಹೇಬರಿಗೆ ಕೊಟ್ಟುಹೋದ. ಅದರೊಳಗೆ ಕರೆಂಟಿನಿಂದ ನೀರು ಕಾಯುತ್ತದೆ, ಕಾಫಿ ಇಳಿಯುತ್ತದೆ. ಪಕ್ಕದ ಸಣ್ಣ ತಿರುಪು ತಿರುಗಿಸಿದರೆ ಕೊಳವೆಯಿಂದ ಉಗಿ ಬಂದು ಹಾಲು ನೊರೆಯಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಯಾವ ಕಡೆ ಹೋದರೂ ನಮ್ಮ ಜನ ಚಹಾದವರು. ಮುಂಬಯಿಯಿಂದ ಬಂದ ಸಾಹೇಬರಿಗೆ ಮಾತ್ರ ಈ ನೊರೆಯ ಹುಚ್ಚು ಹಿಡಿಯಿತು.

ಒಂದು ಬೆಳಿಗ್ಗೆ ಆ ಉಗಿ ನಿಲ್ಲಲೊಲ್ಲದು ಎಂದು ಬಂಗ್ಲೆಯಿಂದ ಬುಲಾವು ಬಂತು. ಉಗಿ ಅಂದಮೇಲೆ ಬಾಯ್ಲರ್ ಹೌಸು, ಬಾಯ್ಲರ್ ಹೌಸು ಅಂದಮೇಲೆ ನಾನು. ಹೋಗಿ ನೋಡಿದರೆ ಅಡುಗೆಮನೆ ತುಂಬ ಉಗಿ. ಬಂಗ್ಲೆಯ ಅಡುಗೆಯವರು, ನಾವೆಲ್ಲ ಚಾಚಾ ಎನ್ನುತ್ತಿದ್ದ ಮುದುಕರು, ಚಹಾದ ಟ್ರೇಯನ್ನು ಎದೆಗೆ ಅಡ್ಡ ಹಿಡಿದು ಮೂಲೆಯಲ್ಲಿ ನಿಂತಿದ್ದರು. ನಮ್ಮಲ್ಲಿ ವಾಲ್ವ್ ಬಂದ್ ಮಾಡಬೇಕೆಂದರೆ ಅದರ ಗಾಲಿಯೊಳಗೆ ಸಲಾಕೆ ಹಾಕಿ ಇಬ್ಬರು ಆಳು ಜೋತುಬೀಳಬೇಕು. ಅದೇ ಕೈ, ಅದೇ ರೂಢಿ. ಒಮ್ಮೆ ತಿರುವಿದೆ. ಉಗಿ ನಿಂತಿತು, ತಿರುಪು ಮುರಿದು ನನ್ನ ಕೈಯೊಳಗೇ ಬಂತು.

ಅಂಥ ತಿರುಪು ಹೈದರಾಬಾದಿನಲ್ಲೂ ಸಿಗಲಿಲ್ಲ. ಕೊನೆಗೆ ನಮ್ಮ ಸ್ಟೋರಿನಲ್ಲಿದ್ದ ಎಲ್ಲಕ್ಕಿಂತ ಸಣ್ಣ ವಾಲ್ವಿನ ಗಾಲಿಯನ್ನು ತಂದು ಕೂಡಿಸಿದೆ. ಕೆಂಪು ಬಣ್ಣದ ಕಬ್ಬಿಣದ ಗಾಲಿ, ಊಟದ ತಾಟಿನಷ್ಟು ಅಗಲ. ಮಶೀನು ಅದರ ಭಾರಕ್ಕೆ ಒಂದು ಕಡೆ ವಾಲಿತು. ಇನ್ನೊಂದು ಕಡೆ ಎರಡು ಇಟ್ಟಿಗೆ ಕಟ್ಟಿದೆ. ಸಾಹೇಬರು ತುಂಬಾ ಹೊತ್ತು ಅದನ್ನೇ ನೋಡಿದರು. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಬರುವವರಿದ್ದಾರೆ, ಅಷ್ಟರೊಳಗೆ ಇದು ಸರಿಯಾಗಿ ಉಗಿ ಬಿಟ್ಟರೆ ನಿನ್ನ ಕ್ವಾರ್ಟರಿನ ಮಾತು ನಾನೇ ಎತ್ತುತ್ತೇನೆ ಎಂದರು. ಅಂದಿನಿಂದ ನನ್ನ ಸಂಸಾರ ಆ ಕೆಂಪು ಗಾಲಿಗೆ ಜೋತುಬಿತ್ತು.

೨. ಸುಣ್ಣದ ಡಬ್ಬಿ

ಮೊದಲು ಉಗಿ ನಿಲ್ಲುತ್ತಿರಲಿಲ್ಲ, ಈಗ ಬರುವುದೇ ನಿಂತಿತು. ಕೊಳವೆ ಬಿಚ್ಚಿದರೆ ತೂತಿನ ತುಂಬ ಬಿಳಿಯ ಪುಡಿ. ಸಾಹೇಬರು ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು, ಸುಣ್ಣ. ಆಮೇಲೆ ತಲೆ ಎತ್ತಿ ಚಾಚಾನ ಬಾಯಿ ನೋಡಿದರು. ಚಾಚಾನ ಬಾಯಿ ಎಲೆಅಡಿಕೆ ತಿಂದು ಸದಾ ಕೆಂಪು, ಸೊಂಟದಲ್ಲಿ ಸುಣ್ಣದ ಡಬ್ಬಿ. ಸಾಹೇಬರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಡಬ್ಬಿ ಜಪ್ತಾಯಿತು, ಅವರ ಮೇಜಿನ ಖಾನೆ ಸೇರಿ ಬೀಗ ಬಿತ್ತು.

ನಾನು ಹುಣಸೆಹುಳಿ ಕಲಸಿ ಕೊಳವೆಯನ್ನು ನೆನೆಹಾಕಿ ತೊಳೆದುಕೊಟ್ಟೆ. ಎರಡು ದಿನ ಕಾಫಿಗೆ ಸಾರಿನ ರುಚಿ ಬಂತಂತೆ, ಅದಕ್ಕೂ ನನಗೇ ಬೈಗುಳ. ಇತ್ತ ಚಾಚಾ ಸುಣ್ಣವಿಲ್ಲದ ಎಲೆ ಜಗಿದು ಜಗಿದು ಮುಖ ಹುಳ್ಳಗೆ ಮಾಡಿಕೊಂಡು ತಿರುಗಿದರು. ಆದರೂ ಮುಂದಿನ ವಾರ ಕೊಳವೆ ಮತ್ತೆ ಕಟ್ಟಿತು. ನಮ್ಮ ಸೀಮೆಯ ನೀರೇ ಹಾಗೆ. ನೆಲದ ಕೆಳಗೆ ಇರುವುದೆಲ್ಲ ಸುಣ್ಣದ ಕಲ್ಲು, ಹಂಡೆಯ ತಳದಲ್ಲಿ ಕಟ್ಟಿದ ಸುಣ್ಣವನ್ನು ಪ್ರತಿ ಮನೆಯವರೂ ಕೆರೆದು ತೆಗೆಯುತ್ತಾರೆ. ಆ ಕಲ್ಲಿಗಾಗಿಯೇ ಫ್ಯಾಕ್ಟರಿ ಅಲ್ಲಿಗೆ ಬಂದದ್ದು. ಡಬ್ಬಿ ಬೀಗದೊಳಗಿದ್ದೂ ಸುಣ್ಣ ಬಂತಲ್ಲ, ಈಗಲಾದರೂ ಸಾಹೇಬರಿಗೆ ತಿಳಿಯಬಹುದು ಎಂದುಕೊಂಡೆ. ತಿಳಿಯಿತು. ಚಾಚಾನ ಹತ್ತಿರ ಎರಡನೆಯ ಡಬ್ಬಿ ಇದೆ ಎಂದು ತಿಳಿಯಿತು. ಅವರ ಟ್ರಂಕು ತೆಗೆಸಿ ಹುಡುಕಿಸಿದರು.

ಚಾಚಾ ತಮ್ಮ ಅಂಗಿ ಪಾಯಿಜಾಮಗಳನ್ನು ಮಡಚಿ ಟ್ರಂಕಿಗೆ ತುಂಬುತ್ತ ನನಗಷ್ಟೇ ಕೇಳುವಂತೆ ಅಂದರು, "ನೋಡು ಮಿಸ್ತ್ರಿ, ಗುಡ್ಡದಷ್ಟು ಸುಣ್ಣದ ಕಲ್ಲು ಅಗಿಲಿಕತ್ತಾರ ಇವರು, ಸುಣ್ಣದ ಚೋರ ನಾನು."

ಅದೇ ವಾರ ನಿಂತಿದ್ದ ಗೂಡ್ಸ್ ಗಾಡಿ ಒಮ್ಮೆಲೇ ಜಗ್ಗಿತು. ನನ್ನ ಹೆಂಡತಿ ಆಗಷ್ಟೇ ವ್ಯಾಗನ್ನಿನ ಕೆಳಗಿಂದ ಈಚೆ ಬಂದಿದ್ದಳು, ಕೊಡ ಇನ್ನೂ ಒಳಗಿತ್ತು. ಗಾಲಿ ಅದರ ಮೇಲೆ ಹಾದುಹೋಯಿತು. ಹಪ್ಪಳದಂತಾದ ಕೊಡವನ್ನು ಅವಳು ಮನೆಗೆ ತಂದು ಗೋಡೆಗೆ ಒರಗಿಸಿ ಇಟ್ಟಳು. ಮರುದಿನ ಹೊಸ ಕೊಡದೊಂದಿಗೆ ಅವಳು ಮತ್ತೆ ಹಳಿಯ ಕಡೆ ಹೋದಳು, ನಾನು ಬಂಗ್ಲೆಯ ಕಡೆ ಕೊಳವೆ ಕೆರೆಯಲು ಹೋದೆ.

೩. ಶುಂಠಿ

ದೊಡ್ಡ ಸಾಹೇಬರು ಬರುವ ದಿನ ಬಂತು. ಮಳಖೇಡದ ಕಡೆ ಮನೆ ಕಟ್ಟಿಕೊಂಡು ಒಬ್ಬ ಟರ್ನರ್ ನಿವೃತ್ತನಾಗಿ ಹೋಗಿದ್ದ, ಅವನ ಕ್ವಾರ್ಟರ್ ಖಾಲಿ ಇತ್ತು. ಕಾಫಿ ಕುಡಿದಾದ ಮೇಲೆ ನಮ್ಮ ಸಾಹೇಬರು ನನ್ನನ್ನು ಒಳಗೆ ಕರೆದು, ಮಶೀನು ನಡೆಸಿದವನು ಇವನೇ, ಆ ಕ್ವಾರ್ಟರ್ ಇವನಿಗೆ ಕೊಡೋಣ ಎನ್ನುವುದು. ದೊಡ್ಡ ಸಾಹೇಬರು ಹೂಂ ಅನ್ನುವುದು. ಹೀಗೆ ಮಾತಾಗಿತ್ತು. ಹೆಂಡತಿ ನನ್ನ ಖಾಕಿ ಬಟ್ಟೆಗೆ ಗಂಜಿ ಹಾಕಿ ಕೊಟ್ಟಿದ್ದಳು. ಬಂಗ್ಲೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಎಲ್ಲೂ ಒರಗದೆ ನಿಂತೆ.

ಬೆಳಿಗ್ಗೆಯೇ ನಾನು ಪರೀಕ್ಷೆ ಮಾಡಿದ್ದೆ. ಉಗಿ ಗಾಲಿಯ ಮಾತು ಕೇಳುತ್ತಿತ್ತು, ತೆರೆ ಎಂದರೆ ಬರುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಆದರೆ ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತವರೇ ತಮಗೆ ಕಾಫಿ ಆಗಿಬರುವುದಿಲ್ಲ, ಚಹಾ ಸಾಕು ಎಂದುಬಿಟ್ಟರು.

ಚಾಚಾ ಸಂಕಟಕ್ಕೆ ಬಿದ್ದರು. ಮಶೀನಿನಲ್ಲೇ ಮಾಡಬೇಕೆಂದು ನಮ್ಮ ಸಾಹೇಬರ ಹುಕುಂ, ಚಹಾನೇ ಬೇಕೆಂದು ದೊಡ್ಡವರ ಹುಕುಂ. ಇಬ್ಬರ ಮಾತೂ ನಡೆಸಿದರು. ನಮ್ಮ ಕಡೆ ಚಹಾ ಅಂದರೆ ನೀರು, ಹಾಲು, ಸಕ್ಕರೆ, ಪುಡಿ, ಜಜ್ಜಿದ ಶುಂಠಿ ಎಲ್ಲ ಕೂಡಿಸಿ ಕುದಿಸುವುದಲ್ಲವೇ? ನಾನು ಅಂಗಳದ ಕಡೆ ಮುಖ ಮಾಡಿ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದಾಗ ಅಷ್ಟನ್ನೂ ಮಶೀನಿನ ನೀರಿನ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಸಾಹೇಬರು ಕೂತಿದ್ದ ಮುಂದಿನ ಕೋಣೆಯ ಮೇಜಿಗೆ ಒಯ್ದು ಸ್ವಿಚ್ ಹಾಕಿಬಿಟ್ಟರು.

ನಮ್ಮ ಸಾಹೇಬರು ತಾವೇ ಎದ್ದು ಕೆಂಪು ಗಾಲಿ ಹಿಡಿದರು. ಅರ್ಧ ತಿರುವಿದರು, ಏನೂ ಬರಲಿಲ್ಲ. ಪೂರ್ತಿ ತಿರುವಿದರು, ಆಗಲೂ ಬರಲಿಲ್ಲ. ಬಗ್ಗಿ ಕೊಳವೆಯೊಳಗೆ ಇಣುಕಿ, ಏನೋ ಅನುಮಾನ ಬಂದು ಪಕ್ಕಕ್ಕೆ ಸರಿದರು. ಅವರ ಬಾಳಿನಲ್ಲಿ ಅವರು ಮಾಡಿದ ಜಾಣ ಕೆಲಸ ಅದೊಂದೇ. ಮರುಗಳಿಗೆ ಕೊಳವೆ ಉಗುಳಿತು. ಪುಡಿ, ಶುಂಠಿ, ಕೆನೆ ಸಮೇತ ಚಹಾ ಗೋಡೆಗೆ ಹಾರಿತು, ದೊಡ್ಡ ಸಾಹೇಬರ ಬಿಳಿ ಬುಶ್ ಶರ್ಟಿಗೂ ಹಾರಿತು.

ದೊಡ್ಡ ಸಾಹೇಬರು ಮೀಸೆಯ ಮೇಲಿದ್ದದ್ದನ್ನು ನಾಲಗೆಯಿಂದ ನೋಡಿದರು. ಶುಂಠಿ ಹದವಾಗಿ ಬಿದ್ದಿದೆ ಎಂದರು. ಎಲ್ಲರೂ ಜೀವ ಬಂದವರಂತೆ ನಕ್ಕರು. ಚಾಚಾಗೆ ಇನಾಮು ಸಿಕ್ಕಿತು, ಸುಣ್ಣದ ಡಬ್ಬಿಯೂ ತಿರುಗಿ ಬಂತು. ನಮ್ಮ ಸಾಹೇಬರಿಗೆ ಮುಂದೆ ಬಡ್ತಿಯಾಗಿ ಮುಂಬಯಿಗೇ ವರ್ಗವಾಯಿತು. ನನ್ನನ್ನೂ ಮಾತಾದಂತೆ ಒಳಗೆ ಕರೆದರು. ಗೋಡೆ ಒರೆಸಲು ಕರೆದರು.

೪. ನಲ್ಲಿ

ಹೊಸ ಮ್ಯಾನೇಜರ್ ಸಾಹೇಬರು ಬೆಳಗಾವಿ ಕಡೆಯವರು, ಚಹಾದವರು. ಅವರ ಮನೆಯವರಿಗೆ ಕೆಂಪು ಗಾಲಿಯ ಆ ಮಶೀನು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ, ತೆಗೆಸಿ ಎಂದರು. ಬಿಸಾಕುವ ಹಾಗಿಲ್ಲ, ಹಳೆಯ ಸಾಹೇಬರು ಹೋಗುವಾಗ ಅದನ್ನು ಕಂಪನಿಯ ಆಸ್ತಿ ಮಾಡಿ ಹೋಗಿದ್ದರು. ಸ್ಟೋರ್ ಕೀಪರ್ ತಮ್ಮಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ಸಿಮೆಂಟ್ ಮಾಡುವುದಿಲ್ಲ, ಹಾಗಾಗಿ ಯಂತ್ರವಲ್ಲ. ಕರೆಂಟ್ ಹೊಡೆಯುತ್ತದೆ, ಹಾಗಾಗಿ ಪಾತ್ರೆಯಲ್ಲ. ಯಾವ ಕಪಾಟಿನಲ್ಲಿಡಲಿ ಎಂದು ಅವರ ತಕರಾರು. ಮಳೆ ತಾಗದ, ಬೀಗ ಹಾಕುವ ಜಾಗ ಬೇಕಿತ್ತು. ಟರ್ನರನ ಕ್ವಾರ್ಟರ್ ಖಾಲಿ ಇತ್ತಲ್ಲ, ಸದ್ಯಕ್ಕೆ ಎಂದು ಅಲ್ಲಿಟ್ಟರು. ನಮ್ಮ ಫ್ಯಾಕ್ಟರಿಯಲ್ಲಿ ಸದ್ಯಕ್ಕೆ ಎಂದು ಇಟ್ಟದ್ದು ಯಾವುದೂ ಮತ್ತೆ ಏಳುತ್ತಿರಲಿಲ್ಲ.

ನಾನು ಸ್ಟೋರಿಗೆ ಹೋಗಿ ಆ ಕ್ವಾರ್ಟರ್ ನನಗೆ ಕೊಡಿಸಿರೆಂದು ಸ್ಟೋರ್ ಕೀಪರನ್ನೇ ಕೇಳಿದೆ. ಹಣೆಯ ತುಂಬ ವಿಭೂತಿ ಹಚ್ಚಿದ ಹಿರಿಯರು ಅವರು, ಮನಸ್ಸು ಕೆಟ್ಟದ್ದಲ್ಲ. ನನ್ನನ್ನು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಿದರು.

"ತಮ್ಮಾ, ಆ ಮನ್ಯಾಗ ಕಂಪನಿ ಮಾಲ್ ಅದಾ. ಮಾಲ್ ಇದ್ದಲ್ಲಿ ಮಂದಿನ್ನ ಇಡಲಿಕ್ಕ ಬರಂಗಿಲ್ಲ."

ನನಗೆ ಬಂದ ಸಿಟ್ಟಿಗೆ ಬಾಯ್ಲರ್ ಬೇಕಿರಲಿಲ್ಲ, ನನ್ನ ತಲೆಯ ಮೇಲೇ ಚಹಾ ಕುದಿಯುತ್ತಿತ್ತು. ಅವರು ಕೊಟ್ಟ ನೀರು ಕುಡಿದು ಎದ್ದುಬಂದೆ.

ಮಳೆಗಾಲದಲ್ಲಿ ಆ ಕ್ವಾರ್ಟರಿನ ಅಂಗಳದ ನಲ್ಲಿ ಸೋರತೊಡಗಿತು. ನೀರು ಹೊಸ್ತಿಲವರೆಗೆ ಬಂತು, ಒಳಗಿನ ಮಶೀನಿಗೆ ತುಕ್ಕು ಹಿಡಿದೀತೆಂದು ಆಫೀಸಿನವರಿಗೆ ಗಾಬರಿ. ರಿಪೇರಿಗೆ ಯಾರನ್ನು ಕಳಿಸುವುದು? ಆ ಮಶೀನಿನ ಮಿಸ್ತ್ರಿ ಒಬ್ಬನಿದ್ದಾನಲ್ಲ, ಅವನನ್ನೇ. ಸ್ಟೋರ್ ಕೀಪರ್ ನನ್ನ ಕೈಗೆ ಬೀಗದ ಕೈ ಕೊಟ್ಟರು. ನಮ್ಮದಾಗಬೇಕಿದ್ದ ಮನೆಯನ್ನು ಒಮ್ಮೆ ನೋಡಲಿ ಎಂದು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಬಾವಿಗೆ ಹೊರಟಿದ್ದವಳು ಕೊಡ ಹಿಡಿದೇ ಬಂದಳು.

ನಡುಮನೆಯಲ್ಲಿ ಸ್ಟೂಲಿನ ಮೇಲೆ ಮಶೀನು ಕೂತಿತ್ತು, ಮೇಲೆ ಧೂಳು ಬೀಳದಂತೆ ಬಟ್ಟೆ ಹೊದಿಸಿದ್ದರು. ಹೆಂಡತಿ ಬಟ್ಟೆ ಸರಿಸಿ ಕೆಂಪು ಗಾಲಿ ನೋಡಿದಳು, ಇಟ್ಟಿಗೆ ನೋಡಿದಳು, ಮಾಡು ನೋಡಿದಳು.

"ಇದು ಒಂದಿನಾನೂ ನೆಟ್ಟಗ ಕೆಲಸ ಮಾಡಿಲ್ಲಂತೀರಿ. ನೀವು ದಿನಾ ಮಾಡ್ತೀರಿ. ಕೆಟ್ಟಿದ್ದಕ್ಕ ಇವರು ಮನಿ ಕೊಡ್ತಾರ, ಗಟ್ಟಿ ಇದ್ದದ್ದಕ್ಕ ಯಾಕ ಕೊಡ್ತಾರ್ರಿ?"

ನಾನು ಅಂಗಳಕ್ಕೆ ಬಂದು ನಲ್ಲಿ ಬಿಚ್ಚಿದೆ. ಒಳಗಿನ ಚರ್ಮದ ವಾಶರ್ ಸವೆದಿತ್ತು, ಅಷ್ಟೆ. ಹೊಸದು ನನ್ನ ಜೇಬಿನಲ್ಲೇ ಇತ್ತು. ಅವಳ ಮಾತು ಕಿವಿಯಲ್ಲಿತ್ತು. ಹಳೆಯದನ್ನೇ ತಿರುಗಿ ಹಾಕಿ ಬಿಗಿದೆ. ಅಷ್ಟರಲ್ಲಿ ಅವಳ ಕೊಡ ತುಂಬಿತ್ತು. ಬೀಗದ ಕೈ ಒಪ್ಪಿಸುವಾಗ, ಇದು ಭಾಳ ಹಟಮಾರಿ ನಲ್ಲಿ, ದಿನಾ ಬೆಳಿಗ್ಗೆ ಬಂದು ನೋಡಬೇಕಾಗುತ್ತದೆ ಎಂದು ಹೇಳಿದೆ. ಸ್ಟೋರ್ ಕೀಪರ್ ನನ್ನ ಮುಖ ನೋಡಿದರು, ಹಿಂದೆ ಕೊಡ ಹೊತ್ತು ನಿಂತವಳನ್ನೂ ನೋಡಿದರು. ಹಂಗಿದ್ರ ಬೀಗದ ಕೈ ನಿನ್ನ ಹತ್ರಾನೇ ಇರಲಿ ಎಂದರು.

ಆಮೇಲೆ ನನ್ನ ಹೆಂಡತಿ ವ್ಯಾಗನ್ನಿನ ಕೆಳಗೆ ಹೋಗಲಿಲ್ಲ, ಸ್ವಲ್ಪ ದಿನಕ್ಕೆ ನಮ್ಮ ಓಣಿಯ ಉಳಿದ ಹೆಂಗಸರೂ ಹೋಗಲಿಲ್ಲ. ನಾನು ನಲ್ಲಿ ಬಿಚ್ಚುವ ಪಾನಾ ಹಿಡಿದು ಮುಂದೆ ಹೋದರೆ ಹಿಂದೆ ಕೊಡಗಳ ಸಾಲು ಬರುತ್ತಿತ್ತು. ಆ ನಲ್ಲಿ ನಾನು ನೌಕರಿ ಬಿಡುವತನಕ ರಿಪೇರಿ ಆಗಲಿಲ್ಲ.

ಒಮ್ಮೆ ಮಾತ್ರ ಹೊಸ ಸಾಹೇಬರು ಬಂಗ್ಲೆಗೆ ಕರೆಸಿ, ನಾಲ್ಕು ಮಂದಿ ಅಧಿಕಾರಿಗಳ ಎದುರು ಕೇಳಿದರು. "ಏನೋ, ಅಷ್ಟು ದೊಡ್ಡ ಬಾಯ್ಲರ್ ಸಂಭಾಳಿಸ್ತೀ, ಒಂದು ನಲ್ಲಿ ನಿಲ್ಲಿಸಲಿಕ್ಕೆ ಬರೂದಿಲ್ಲೇನು ನಿನಗ?"

"ಬರಂಗಿಲ್ರಿ ಸಾಹೇಬ್ರ, ನಾ ಉಗಿ ಮನಷ್ಯಾ," ಅಂದೆ.

ಅವರೆಲ್ಲ ನಕ್ಕರು. ಮೂಲೆಯಲ್ಲಿ ಚಾಚಾ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು, ಅವರೂ ನಕ್ಕರು. ಬದುಕಿನಲ್ಲಿ ಅದೊಂದು ಸಲ ನಾನೂ ಹಲ್ಲು ಕಚ್ಚದೆ ನಕ್ಕೆ.