ಧರ್ಮಪ್ಪನ ಚೀನೀ ಗುಡಿ ದರ್ಶನ

ಅಂಜನಾಪುರದಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಧರ್ಮಪ್ಪನನ್ನು ಕಂಪನಿಯವರು ಬಿಟ್ಟಿಯಾಗಿ ಬ್ಯಾಂಕಾಕಿಗೆ ಕರೆದಾಗ ಹೆಂಡತಿ ಹೂವಮ್ಮ ಷರತ್ತು ಹಾಕಿದಳು.

"ಗುಡಿ ಬಿಟ್ರೆ ಬ್ಯಾರೆ ಎಲ್ಲಿಗೂ ಹೋಗೋ ಹಂಗಿಲ್ಲ. ಹೋದ ಗುಡಿಯಿಂದ ವಿಡಿಯೋ ಕಾಲ್ ಮಾಡ್ಬೇಕು."

ಬ್ಯಾಂಕಾಕ್ ಎಂಥ ಊರೆಂದು ಅವಳಿಗೆ ಹೇಳಿದ್ದು ಪಕ್ಕದ ಮನೆಯ ವರದಮ್ಮ. ವರದಮ್ಮ ಶಿವಮೊಗ್ಗ ದಾಟಿದವಳಲ್ಲ. ಹಾಗಾಗಿ ಲೋಕದ ಸಂಗತಿಯೆಲ್ಲ ಅವಳಿಗೆ ಖಚಿತವಾಗಿ ಗೊತ್ತಿತ್ತು.

ಅಲ್ಲಿ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಜೊತೆಗೆ ಬಂದಿದ್ದ ಜಡೆ ಊರಿನ ಗೊಬ್ಬರದಂಗಡಿಯವರಾದ ಯತೀಶ ಮತ್ತು ಶಿವಯೋಗಿ, ತಾವಿಳಿದಿದ್ದ ಹೋಟೆಲಿನ ಎದುರಿನ ಮಸಾಜ್ ಅಂಗಡಿ ತೋರಿಸಿದರು.

"ಬನ್ನಿ ಮಾರಾಯ್ರೆ, ಬೆನ್ನು ತಿಕ್ಕಿಸ್ಕೊಂಡು ಬರುವ."

"ನಂಗೆ ಗುಡಿ ನೋಡೋದೈತಿ," ಎಂದು ಧರ್ಮಪ್ಪ ಉಪವಾಸ ಹಿಡಿದವನ ಠೀವಿಯಲ್ಲಿ ಒಬ್ಬನೇ ಆಟೋ ಹತ್ತಿದ.

ಆಟೋದವನು ಇಳಿಸಿದ್ದು ಚೀನಿಯರ ಪೇಟೆಯ ಹಳೇ ಗುಡಿಯ ಮುಂದೆ. ಕಂಬಕ್ಕೆಲ್ಲ ಸುತ್ತಿದ ಡ್ರ್ಯಾಗನ್, ಸಾಲುಸಾಲು ಕೆಂಪು ದೀಪ, ಜೋಳದ ದಂಟಿನಂಥ ಊದುಬತ್ತಿ. ಕಬ್ಬಿನ ಗದ್ದೆಯಲ್ಲಿ ಸೋಗೆ ಸುಟ್ಟಂತೆ ಹೊಗೆ. ಧರ್ಮಪ್ಪ ಕೆಮ್ಮುತ್ತಲೇ ಫೋನ್ ಹಚ್ಚಿದ.

"ಆ ಕೆಂಪು ಲೈಟೇನ್ರೀ?" ಎಂದಳು ಹೂವಮ್ಮ.

"ಗುಡಿ ದೀಪ ಕಣೆ."

"ಊದುಬತ್ತಿ ಹೊಗೆ ಇಷ್ಟಿರ್ತದಾ? ಬಾರ್‌ನಾಗೂ ಇಷ್ಟಿರಲ್ಲ," ಎಂದು ಅವಳ ಹೆಗಲ ಮೇಲಿಂದ ವರದಮ್ಮ ಇಣುಕಿದಳು. ಬಾರಿನ ಹೊಗೆಯ ಅಳತೆ ಅವಳಿಗೆ ಹೇಗೆ ಗೊತ್ತೆಂದು ಕೇಳುವ ಧೈರ್ಯ ಧರ್ಮಪ್ಪನಿಗೆ ಇರಲಿಲ್ಲ.

ಸಾಕ್ಷಿಗೆಂದು ಫೋನನ್ನು ದೇವರ ಕಡೆ ತಿರುಗಿಸಿದ. ದೇವರ ಮುಂದೆ ಹುರಿದ ಬಾತುಕೋಳಿ, ಪಕ್ಕದಲ್ಲೊಂದು ಬಾಟಲಿ.

"ನೈವೇದ್ಯ ಕಣೆ. ನಮ್ಮೂರ ದುರ್ಗಮ್ಮಗೂ ಕೋಳಿ ಕೊಡಲ್ವಾ?"

ಅಷ್ಟರಲ್ಲಿ, ದಿಕ್ಕು ತೋಚದೆ ನಿಂತವನನ್ನು ಕಂಡು ಮರುಗಿದ ಚೀನೀ ಹೆಂಗಸೊಬ್ಬಳು ನಗುತ್ತ ಬಂದು, ಅವನ ಕೈ ಹಿಡಿದು, ಊದುಬತ್ತಿ ಬೆಳಗುವುದು ಹೇಗೆಂದು ತೋರಿಸತೊಡಗಿದಳು. ಪರದೆಯಲ್ಲಿ ಕೈ ಹಿಡಿದ ಹೆಂಗಸು ಕಂಡಳು, ಊದುಬತ್ತಿ ಕಾಣಲಿಲ್ಲ. ಹೂವಮ್ಮ ಫೋನಿಟ್ಟಳು.

ಇನ್ನೊಂದು ಗುಡಿ ತೋರಿಸಿ ಕಳಂಕ ತೊಳೆಯೋಣವೆಂದು ಮುಂದಿನ ಬೀದಿಗೆ ಓಡಿದ. ಅಲ್ಲಿ ದೇವರೆದುರು ಬಣ್ಣ ಬಳಿದುಕೊಂಡ ಹೆಂಗಸರು ಜಾಗಟೆಯ ಬಡಿತಕ್ಕೆ ಕುಣಿಯುತ್ತಿದ್ದರು. ಧರ್ಮಪ್ಪ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ.

ಸಂಜೆ ಹೋಟೆಲಿಗೆ ಬರುವಷ್ಟರಲ್ಲಿ ಹೂವಮ್ಮನೇ ಮತ್ತೆ ವಿಡಿಯೋ ಕಾಲ್ ಮಾಡಿದಳು.

"ಯತೀಶನ ಹೆಂಡ್ತಿ ಅಶ್ವಿನಿ ಒಂದು ಫೋಟೋ ಕಳ್ಸಿದ್ಲು. ನಿಮಗೂ ಹಾಕೀನಿ, ನೋಡಿ ಕಲೀರಿ."

ಫೋಟೋದಲ್ಲಿ ಯತೀಶ, ಶಿವಯೋಗಿ ಕಣ್ಣುಮುಚ್ಚಿ, ಬಂಗಾರದ ಅಕ್ಷರಗಳ ಪುಟ್ಟ ಕೆಂಪು ಚೀನೀ ಗುಡಿಗೆ ಕೈಮುಗಿದು ನಿಂತಿದ್ದರು. ಮುಖದಲ್ಲಿ ಭಕ್ತಿ, ತಲೆಯಲ್ಲಿ ಎಣ್ಣೆ. ಹಿಂದಿನ ಗಾಜಿನ ಬಾಗಿಲನ್ನು ಕಂಡೊಡನೆ ಧರ್ಮಪ್ಪನಿಗೆ ಗುರುತು ಸಿಕ್ಕಿತು.

"ಅದು ಗುಡಿಯಲ್ಲ ಕಣೆ, ಮಸಾಜ್ ಅಂಗಡಿ. ಇಲ್ಲಿ ಅಂಗಡಿ ಅಂಗಡಿಗೂ ಅಂಥದೊಂದು ಇಟ್ಟಿರ್ತಾರೆ."

"ಬಾಗಿಲು ನೋಡೇ ಗುರುತು ಹಿಡಿದ್ರಲ್ಲ. ಎಷ್ಟು ಸಲ ಹೋಗಿ ಬಂದ್ರಿ?"

ಧರ್ಮಪ್ಪ ರಸ್ತೆಯಾಚೆಯ ಆ ಬಾಗಿಲಿಗೆ ಬೆನ್ನು ತಿರುಗಿಸಿದ.

"ದೇವರನ್ನ ಹಂಗೆಲ್ಲ ಅನ್ನಬಾರ್ದು. ಈಗಲೇ ಅಲ್ಲಿಗೆ ಹೋಗಿ ತಪ್ಪುಕಾಣಿಕೆ ಹಾಕಿ. ಹೊರಗಿಂದ ಕೈಮುಗಿದು ಓಡಿ ಬರೋದಲ್ಲ. ಅವರಿಬ್ರೂ ಒಂದು ತಾಸು ಒಳಗಿದ್ರಂತೆ, ಎಷ್ಟು ನೆಮ್ಮದಿ ಆಯ್ತಂತೆ."

ಧರ್ಮಪ್ಪ ರಸ್ತೆ ದಾಟಿದ. ಗಾಜಿನಾಚೆ ಸಮವಸ್ತ್ರದ ಹುಡುಗಿಯರು ಅವನನ್ನು ಕಂಡು ಎದ್ದು ನಿಂತು ಕೈಮುಗಿದರು.

"ಫೋನ್ ಕಟ್ ಮಾಡ್ಬೇಡಿ ಮತ್ತೆ," ಎಂದಳು ವರದಮ್ಮ. "ಒಳಗಿನ ದೇವರನ್ನ ನಾವೂ ನೋಡ್ತೀವಿ."

ಧರ್ಮಪ್ಪ ಚಪ್ಪಲಿ ಬಿಟ್ಟು ಬಾಗಿಲು ತಳ್ಳಿದ.