ಲೈಸೆನ್ಸಿಲ್ಲದ ನಾಲಿಗೆ

ಸಿನಿಮಾ-ಟೀವಿಯವರ ಊರಾದ ಬರ್ಬ್ಯಾಂಕಿನಲ್ಲಿ ಬೂಟು ರಿಪೇರಿ ಮಾಡುವ ನಾರ್ಬರ್ಟ್ ಪೂಲ್ ಕೆಟ್ಟದ್ದು ಒಂದೇ ಮಾತಿನಿಂದ. ಹಿಮ್ಮಡಿ ಕಿತ್ತ ಬೂಟು ತಂದಿದ್ದ ಜಾಹೀರಾತು ತೆಗೆಯುವ ಗ್ರಿಯರ್ಸನ್, ತನ್ನ ಸೂಪಿನ ಜಾಹೀರಾತಿಗೆ ಸೂಪು ಕುಡಿದು ಕಣ್ಣೀರಿಡುವಂಥ ಹೆಂಗಸು ಊರಲ್ಲೆಲ್ಲೂ ಸಿಗುತ್ತಿಲ್ಲವೆಂದು ಗೋಳಾಡುತ್ತಿದ್ದ.

“ನಮ್ಮ ಮಹಡಿ ಮೇಲೆ ಡೆಲ್ಫೀನ್ ಇದ್ದಾಳಲ್ಲ, ಸೂಪು ಕುಡೀದೇನೇ ಹಾಗಿರ್ತಾಳೆ,” ಎಂದುಬಿಟ್ಟ ನಾರ್ಬರ್ಟ್.

ಡೆಲ್ಫೀನಳಿಗೆ ಕೆಲಸ ಸಿಕ್ಕಿತು. ಯಾವ ಉಡುಪು, ಎಷ್ಟು ನಗು ಎಂದು ಹೇಳಿಕೊಡುತ್ತಿದ್ದ ನಾರ್ಬರ್ಟನನ್ನು ಅವಳು ಮೊದಲೇ ‘ಸಲಹೆಗಾರ’ನೆಂದು ಕಾಗದದಲ್ಲಿ ಬರೆದು, ಗಳಿಕೆಯಲ್ಲಿ ಪಾಲು ಒಪ್ಪಿದ್ದಳು. ಅವಳ ಮುಖ ಟೀವಿಯಲ್ಲಿ ಬಂದದ್ದೇ ತಡ, ಲೈಸೆನ್ಸುಳ್ಳ ಏಜೆಂಟನೊಬ್ಬ ಬಂದು ಕಿವಿಯೂದಿದ: ಕಲಾವಿದರಿಗೆ ಸಲಹೆ ಯಾರಾದರೂ ಕೊಡಬಹುದು, ಕೆಲಸ ಕೊಡಿಸಬೇಕಾದರೆ ಲೈಸೆನ್ಸು ಬೇಕು, ದೂರು ಕೊಟ್ಟರೆ ಕಾಗದ ರದ್ದು, ಪಾಲೂ ವಾಪಸು. ಡೆಲ್ಫೀನ್ ಕಾರ್ಮಿಕ ಕಚೇರಿಗೆ ದೂರು ಕೊಟ್ಟಳು. ಈ ಸಲ ಅತ್ತದ್ದು ನಾರ್ಬರ್ಟ್.

ವಿಚಾರಣೆಯ ದಿನ ಅವನ ಬಾಡಿಗೆ ಮನೆಯೊಡತಿ ಮಿಸೆಸ್ ಪಿಕೆಟ್, ಕರೆಯದಿದ್ದರೂ, ಟೋಪಿ ಧರಿಸಿ ಜೊತೆಗೆ ಹೊರಟಳು. ನಾರ್ಬರ್ಟ್ ಎಂಥ ಕೈಲಾಗದವನೆಂದು ತಾನು ಸಾಬೀತು ಮಾಡುವೆ, ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ತಾಕೀತು ಮಾಡಿದಳು.

“ಇವನು ಯಾರಿಗೆ ಕೆಲಸ ಕೊಡಿಸ್ತಾನೆ ಸ್ವಾಮಿ?” ಎಂದು ಅಧಿಕಾರಿಯ ಮೇಜು ಗುದ್ದಿದಳು. “ಡ್ರಮ್ ಬಾರಿಸೋ ನನ್ನ ತಂಗಿ ಮಗನಿಗೆ ಕೊಡಿಸ್ತೀನಿ, ಕೊಡಿಸ್ತೀನಿ ಅಂತ ಹನ್ನೊಂದು ವರ್ಷ ಆಯ್ತು. ಅವನಿನ್ನೂ ನನ್ನ ಸೋಫಾ ಮೇಲೇ ಬಿದ್ದಿದ್ದಾನೆ!”

ಅಧಿಕಾರಿ ಕನ್ನಡಕ ಏರಿಸಿ ಕಾನೂನು ಓದಿದ. ಕೆಲಸ ಕೊಡಿಸುವುದಷ್ಟೇ ಅಲ್ಲ, ಕೊಡಿಸುವೆನೆಂದು ಮಾತು ಕೊಡುವುದೂ ಏಜೆಂಟನ ವ್ಯವಹಾರವೇ. ಪಿಕೆಟಳ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡ. ನಾರ್ಬರ್ಟನ ಮುಖ ಹೊಲಿಗೆ ಬಿಚ್ಚಿದ ಬೂಟಿನಂತಾಯಿತು.

ಅವನನ್ನು ಉಳಿಸಿದವನು ಗ್ರಿಯರ್ಸನ್. ಕೇಳಿದ್ದು ತಾನು, ಈತ ಬರೀ ಉತ್ತರ ಹೇಳಿದ್ದು ಎಂದು ಸಾಕ್ಷಿ ನುಡಿದ. ಅಧಿಕಾರಿ ಅರ್ಧ ಗಂಟೆ ಪುಟ ಮಗುಚಿದ. ಕೊನೆಗೆ, ಮನೆಯೊಡತಿಯನ್ನು ಸಮಾಧಾನಪಡಿಸಲು ಆಡಿದ್ದು ಕೊಟ್ಟ ಮಾತಲ್ಲ, ಕೇಳಿದ್ದಕ್ಕೆ ಹೇಳಿದ್ದು ಒಂದು ಸಲವಾದರೆ ವ್ಯವಹಾರವಲ್ಲ ಎಂದು ತೀರ್ಮಾನಿಸಿ ದೂರು ವಜಾ ಎಂದು ಬರೆಯತೊಡಗಿದ.

ಅಷ್ಟರಲ್ಲಿ ಪಿಕೆಟ್ ಡೆಲ್ಫೀನಳತ್ತ ತಿರುಗಿ, ಉಪಕಾರ ಮರೆತವಳೆಂದು ಟೋಪಿ ಅಲ್ಲಾಡುವಂತೆ ಬಯ್ಯತೊಡಗಿದಳು. ಗ್ರಿಯರ್ಸನ್ ಕಣ್ಣು ಮಿಟುಕಿಸದೆ ನೋಡಿದ. ಸಾಸಿವೆ ಜಾಹೀರಾತಿಗೆ ಇಂಥ ಅತ್ತೆಯೇ ಒಬ್ಬಳು ಬೇಕಾಗಿತ್ತಂತೆ. ನಾರ್ಬರ್ಟನತ್ತ ಬಗ್ಗಿ, ಈಕೆ ಗುರುವಾರ ಬಿಡುವಾಗಿರುತ್ತಾಳೆಯೇ ಎಂದು ಕೇಳಿದ.

ಗಿರಾಕಿ ಕೇಳಿದರೆ ಉತ್ತರ ಹೇಳದೆ ಇರುವ ಜಾಯಮಾನ ನಾರ್ಬರ್ಟನದಲ್ಲ.

“ಗುರುವಾರ ಯಾಕೆ, ದಿನಾ ಬಿಡುವೇ. ನಾನು ಹೇಳಿ ಒಪ್ಪಿಸ್ತೀನಿ ಬಿಡಿ.”

ಅಧಿಕಾರಿ ಬರೆದ ಸಾಲನ್ನು ನಿಧಾನವಾಗಿ ಹೊಡೆದುಹಾಕಿದ.

“ಎರಡನೇ ಸಲ,” ಎಂದ. “ಅದೂ ನನ್ನೆದುರೇ.”