ಹದಿನಾಲ್ಕು ತಿಂಗಳ ಬಸುರಿ

ಕತೆ ಬರೆಯೋರು ಕತೆ ಹುಡುಕಿಕೊಂಡು ಅಲೀತಾರೆ ಅಂತ ಜನ ಅಂದುಕೊಂಡಿದ್ದಾರೆ. ಅರಸೀಕೆರೆಯಲ್ಲಿ ಕೂತವಳಿಗೆ ಆ ಕಷ್ಟವೇ ಇಲ್ಲ. ಬಾಗಿಲು ಹಾಕಿಕೊಂಡರೆ ಕತೆಗಳೇ ಕಿಟಕಿಯಲ್ಲಿ ಕರೀತಾವೆ.

೧. ಅಜ್ಜಿಯ ಲೆಕ್ಕ

ತೊಂಬತ್ತರ ದಶಕದ ಕೊನೆ. ವಾರಪತ್ರಿಕೆಯೊಂದರಲ್ಲಿ ನನ್ನ ಕಾದಂಬರಿ ಧಾರಾವಾಹಿಯಾಗಿ ಬರುತ್ತಿತ್ತು. ನಾಯಕಿ ವಸುಧಾ ಬಸುರಿ. ವಾರಕ್ಕೆ ಕೊಡೋದು ಎರಡೇ ಪುಟ. ಅದರಲ್ಲಿ ಅತ್ತೆ ಜಗಳ ಮುಗಿಸೋದೇ ಕಷ್ಟ, ಇನ್ನು ತಿಂಗಳು ತುಂಬಿಸೋದು ಎಲ್ಲಿ ಬಂತು?

ನಮ್ಮ ಬೀದಿಯಲ್ಲಿ ಕಣಕಟ್ಟೆ ಕಡೆಯ ಸೂಲಗಿತ್ತಿ ಅಜ್ಜಿ ಒಬ್ಬಳಿದ್ದಳು. ಓದು ಬರದು. ಸೊಸೆ ಜೋರಾಗಿ ಓದಿದರೆ ಎಲೆಅಡಿಕೆ ಮೆಲ್ಲುತ್ತಾ ಕೇಳುವಳು. ಒಂದು ದಿನ ಸೀದಾ ನನ್ನ ಅಡುಗೆಮನೆಗೇ ಬಂದು ಬೆರಳು ಮಡಿಸಿದಳು. ಹೋದ ವರ್ಷ ಸಂಕ್ರಾಂತೀಲಿ ವಾಂತಿ ಶುರುವಾಯ್ತು, ಈಗ ಈ ವರ್ಷದ ಯುಗಾದಿ ಬಂತು, ಹದಿನಾಲ್ಕು ತಿಂಗಳು ಎಂದಳು.

"ನಮ್ಮೆಮ್ಮೆ ಆಗಿದ್ರೂ ಇಷ್ಟೊತ್ತಿಗೆ ಈದು, ಕರ ಹುಲ್ಲು ಮೇಯ್ತಿತ್ತು ಕಣವ್ವ. ಪಾಪ, ಇನ್ನೆಷ್ಟು ದಿನ ಹೊರಬೇಕು ಅವಳು?"

ಪುಟ ಸಾಲದು ಅಜ್ಜಿ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹೋಗುವಾಗ ವಸುಧಾಗೆ ಕುಡಿಸು ಅಂತ ಕಷಾಯದ ಪುಡಿ ಇಟ್ಟು ಹೋದಳು.

೨. ಹಳೇಬೀಡಿನ ಡಾಬು

ಆ ವಾರವೇ ನೆಂಟರನ್ನು ಬೇಲೂರು, ಹಳೇಬೀಡಿಗೆ ಕರಕೊಂಡು ಹೋಗಿದ್ದೆ. ಊರೂರಿಗೂ ಕೇಬಲ್ ಬಂದು, ಸಂಜೆಯಾದರೆ ಎಲ್ಲರ ಮನೆಯಲ್ಲೂ ಟೀವಿ ಧಾರಾವಾಹಿಯ ಅತ್ತೆಯದೇ ದರ್ಬಾರು. ಹಳೇಬೀಡಲ್ಲಿ ಗೈಡು ಪುರಾಣ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡರೂ ನಮ್ಮ ಹೆಂಗಸರು ನೆರಳು ಬಿಟ್ಟು ಏಳಲಿಲ್ಲ. ಆಸಾಮಿ ಜಾಣ. ಒಂದು ಶಿಲ್ಪದ ಸೊಂಟ ತೋರಿಸಿ, ಟೀವಿ ಅತ್ತೆ ಹಾಕ್ಕೊಳ್ತಾಳಲ್ಲ, ಆ ಡಾಬಿನ ಒರಿಜಿನಲ್ ಇದೇ ಅಂದ. ಎಲ್ಲರೂ ಎದ್ದು ಓಡಿದರು. ಸೊಸೆಯ ಬಳೆ ಯಾವ ಗೋಡೇಲಿದೆ ಅಂತ ಒಬ್ಬಳು ವಿಚಾರಿಸಿದಳು.

ಹೊಯ್ಸಳರ ಕಾಲದ ಶಿಲ್ಪಿಗೇ ಈ ಗತಿಯಾದರೆ ನನ್ನನ್ನು ಕೇಳೋರ್ಯಾರು ಅಂತ ಹೊಟ್ಟೆ ಉರಿಯಿತು. ಮನೆಗೆ ಬಂದರೆ ಸಂಪಾದಕರ ಕಾಗದ ಕಾದಿತ್ತು. ಓದುಗರೆಲ್ಲ ಟೀವಿ ಪಾಲಾಗಿದ್ದಾರೆ, ಮೂರು ವಾರದಲ್ಲಿ ಮುಗಿಸಿ, ನಾಯಕಿಯನ್ನು ಹೆರಿಗೆಯಲ್ಲಿ ಸಾಯಿಸಿಬಿಡಿ, ಮುಕ್ತಾಯ ಮನಕಲಕುತ್ತದೆ ಅಂತ ಬರೆದಿದ್ದರು. ಎರಡು ವರ್ಷ ಸಾಕಿದ ಹುಡುಗಿ. ನಿಜವಾಗಿಯೂ ಅತ್ತುಬಿಟ್ಟೆ. ಯಾರು ಹೋದ್ರು ಅಂತ ನಮ್ಮನೆಯವರು ಗಾಬರಿಯಾದರು. ಇನ್ನೂ ಹೋಗಿಲ್ಲ, ಮೂರು ವಾರ ಇದೆ ಅಂದೆ.

೩. ಮಡಿಲು ತುಂಬಿದ್ದು

ಸುದ್ದಿ ಅಜ್ಜಿಗೆ ಮುಟ್ಟಿತು.

"ನನ್ನ ಕೈಯಾಗೆ ಒಬ್ಬ ಬಾಣಂತೀನೂ ಸತ್ತಿಲ್ಲ. ಇವಳನ್ನ ಬಿಟ್ಟುಕೊಡ್ತೀನಾ?" ಅಂದಳು. ಸೀಮಂತ ಮಾಡದೇ ಇದ್ದದ್ದೇ ತಪ್ಪು ಅಂತ ಅವಳ ತೀರ್ಮಾನ.

ಶುಕ್ರವಾರ ಸಂಜೆ ಬೀದಿಯ ಹೆಂಗಸರೆಲ್ಲ ಸೇರಿ ನಮ್ಮ ಹಜಾರದಲ್ಲಿ ಕುರ್ಚಿ ಹಾಕಿ, ವಸುಧಾಳ ಚಿತ್ರ ಕಾಣುವ ಹಾಗೆ ಪತ್ರಿಕೆ ಬಿಚ್ಚಿಟ್ಟು, ರವಿಕೆ ಕಣ ಹೊದಿಸಿದರು. ಹಸಿರು ಬಳೆ, ಮಲ್ಲಿಗೆ, ಅಕ್ಕಿ, ಬೆಲ್ಲ, ನಮ್ಮೂರ ಕೊಬ್ಬರಿ. ಹಾಡು ಹೇಳಿ ಆರತಿ ಎತ್ತಿದರು. ಅದು ಟೀವಿ ಅತ್ತೆ ಬರೋ ಹೊತ್ತು. ಬೀದಿಯ ಒಂದು ಮನೆಯಲ್ಲೂ ಟೀವಿ ಹಾಕಿರಲಿಲ್ಲ. ನನಗೆ ಪಟ್ಟಕ್ಕೆ ಕೂತಷ್ಟು ಖುಷಿಯಾಯಿತು.

ಮಡಿಲಕ್ಕಿ ಬಸುರಿಗೇ ಸೇರಬೇಕಲ್ಲ? ವಸುಧಾಳ ವಿಳಾಸ ಅಂತ ಇದ್ದದ್ದು ಪತ್ರಿಕೆಯ ಆಫೀಸು ಒಂದೇ. ಎಲ್ಲವನ್ನೂ ಪಾರ್ಸೆಲ್ ಮಾಡಿ, ಹುಡುಗಿಗೆ ಏನಾದರೂ ಆದರೆ ಬೀದಿಯವರೆಲ್ಲ ಬಸ್ಸು ಹತ್ತಿ ಅಲ್ಲಿಗೇ ಬರುತ್ತೇವೆ ಅಂತ ಕಾಗದ ಬರೆದು ರುಜು ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ವಾರದೊಳಗೆ ಸಂಪಾದಕರ ಫೋನು ಬಂತು. ಆ ಸಿಡುಕು ಮನುಷ್ಯನ ದನಿ ಸಣ್ಣಗಾಗಿತ್ತು. ಪಾರ್ಸೆಲ್ ಮನೆಗೆ ಒಯ್ದರಂತೆ. ಹೆಂಡತಿ ಬಿಚ್ಚಿ, ಕಾಗದ ಓದಿ, ಬಸುರಿಯನ್ನು ಕೊಲ್ಲೋಕೆ ಹೊರಟವರಿಗೆ ನಾನು ಅನ್ನ ಬಡಿಸಲ್ಲ ಅಂತ ಒಲೆ ಆರಿಸಿದರಂತೆ. ಎರಡು ದಿನದಿಂದ ಹೋಟೆಲ್ ಊಟ.

"ಹೆರಿಗೆ ಸುಸೂತ್ರವಾಗಲಿ ಅಮ್ಮ. ಮಗು ಶಾಲೆಗೆ ಸೇರೋವರೆಗೂ ಬರೀರಿ. ಪುಟಾನೂ ನಾಲ್ಕು ಮಾಡ್ತೀನಿ" ಅಂದರು. ಆಮೇಲೆ ಇನ್ನೂ ದನಿ ತಗ್ಗಿಸಿ, "ಗಂಡೋ ಹೆಣ್ಣೋ, ಅದೊಂದು ಈಗಲೇ ಹೇಳಿಬಿಡಿ. ತಿಳ್ಕೊಂಡು ಬರದೇ ಇದ್ರೆ ಇವತ್ತು ಬಾಗಿಲು ತೆಗೆಯಲ್ಲ ಅಂದಿದ್ದಾಳೆ."